'ಓಡುತ್ತೆ' ಮತ್ತು 'ಓಡಿಸಬಹುದು': ಹಳೆಯ ಜಿಟಿಒ ಓಪನ್ ಕಾರಿನ ಕೈಪಿಡಿಗೆ ಪದಗಳು ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 1966ರ ಪಾಂಟಿಯಾಕ್ ಜಿಟಿಒ ಕನ್ವರ್ಟಿಬಲ್ ಕಾರನ್ನು ಪೂರ್ತಿ ಬಿಚ್ಚಿ ರಿಸ್ಟೋರೇಶನ್‌ಗೆ ಹಾಕುವ ಮೊದಲು, ಇದ್ದ ಹಾಗೆಯೇ ರಸ್ತೆಗೆ ತರುವುದು ಹೇಗೆ ಎಂದು ಅಮೆರಿಕದ ಕನ್ನಡಿಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 'ಡ್ರೈವಬಲ್' ಎಂಬುದಕ್ಕೆ ಕರಡಿನಲ್ಲಿ ಒಂದು ಕಡೆ 'ಓಡುವ ಸ್ಥಿತಿ', ಇನ್ನೊಂದು ಕಡೆ 'ಚಾಲನಾಯೋಗ್ಯ' ಎಂದಿದೆ. ಎರಡೂ ಒಂದೇ ಆದಾವೇ? ರಿಸ್ಟೋರೇಶನ್‌ಗೆ 'ಜೀರ್ಣೋದ್ಧಾರ' ನಡೆಯುತ್ತದೆಯೇ? 'ಬ್ರೇಕ್ ಬ್ಲೀಡ್', 'ಸ್ಟಕ್ ಎಂಜಿನ್', 'ಹುಡ್', ಇವಕ್ಕೆ ಗ್ಯಾರೇಜಿನ ಮಾತು ಯಾವುದು?

ಉತ್ತರ 1

ಸರ್, ಎರಡೂ ಒಂದೇ ಅಲ್ಲ. ಬೆರೆಸಿದರೆ ಓದುಗನಿಗೆ ಅಪಾಯವೇ ಇದೆ. 'ಗಾಡಿ ಓಡುತ್ತೆ' ಅನ್ನಲು ನಮ್ಮಲ್ಲಿ ಎಂಜಿನ್ ಹೊತ್ತಿ ಚಕ್ರ ಉರುಳಿದರೆ ಸಾಕು. ಮಾರುವವರು 'ರನ್ನಿಂಗ್ ಕಂಡೀಷನ್' ಎಂದು ಹೇಳುವುದೂ ಅಷ್ಟಕ್ಕೇ. ನಿಮ್ಮ ಕೈಪಿಡಿ ಹೇಳಬೇಕಾದದ್ದು ಗಾಡಿ ಹೇಳಿದಲ್ಲಿ ನಿಲ್ಲುತ್ತದೆ, ಸ್ಟೇರಿಂಗ್ ಮಾತು ಕೇಳುತ್ತದೆ, ಕಾದು ಉಕ್ಕದೆ ಮನೆಗೆ ಮರಳುತ್ತದೆ ಎಂಬುದನ್ನು. ಅದಕ್ಕೆ 'ಓಡಿಸಬಹುದಾದ' ಅಥವಾ 'ರಸ್ತೆಗೆ ಇಳಿಸಬಹುದಾದ' ಎನ್ನಿ. 'ಚಾಲನಾಯೋಗ್ಯ' ತಪ್ಪಲ್ಲ, ಆದರೆ ಆರ್‌ಟಿಒ ಕಾಗದದ ವಾಸನೆ ಬರುತ್ತದೆ.

ಈ ವ್ಯತ್ಯಾಸವನ್ನು ಒಪ್ಪಿದರೆ ಕೈಪಿಡಿಯ ಅನುಕ್ರಮವೂ ಬದಲಾಗಬೇಕು: ಎಂಜಿನ್ ಅಲ್ಲ, ಬ್ರೇಕ್ ಮೊದಲು. ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಪೆಡಲ್ ತುಳಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆಗೆ ಒಂದೇ ಕೋಣೆ. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. 1967ರ ಮಾದರಿಗೆ ಎರಡು ಕೋಣೆಯ ಸಿಲಿಂಡರ್ ಬಂತು. ಹಳೆಯದಕ್ಕೆ ಅದನ್ನು ಕೂರಿಸಬಹುದು, ಆದರೆ ಡ್ರಮ್-ಡ್ರಮ್ ಬ್ರೇಕಿನದೇ ಆಗಿರಬೇಕು. ಡಿಸ್ಕ್ ಬ್ರೇಕಿಗೆ ಮಾಡಿದ್ದರಲ್ಲಿ ಮುಂದಿನ ಲೈನಿಗೆ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುವುದಿಲ್ಲ, ಪೆಡಲ್ ಕೆಳಗೆ ಹೋಗುತ್ತದೆ. ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಇಲ್ಲದ ಕಾರಾದರೆ ಪುಶ್‌ರಾಡ್ (ಪೆಡಲಿನಿಂದ ಬರುವ ಸರಳು) ಕೂರುವ ಕುಳಿ ಆಳವಾಗಿದೆಯೇ ನೋಡಿ. ಆಳವಿಲ್ಲದ ಕುಳಿಯಿಂದ ರಾಡ್ ಜಾರಿ ಬೀಳುತ್ತದೆ.

ರಬ್ಬರ್ ಹೋಸ್ ಮೂರಿವೆ: ಮುಂದೆ ಎರಡು, ಹಿಂದೆ ಆಕ್ಸಲ್ ಮೇಲೆ ಒಂದು. ಹೊರಗೆ ಚೆನ್ನಾಗಿ ಕಂಡರೂ ಬದಲಿಸಲೇಬೇಕು. ಒಳಗೋಡೆ ಊದಿಕೊಂಡು ಎಣ್ಣೆಯನ್ನು ಹೋಗಲು ಬಿಡುತ್ತದೆ, ಮರಳಲು ಬಿಡುವುದಿಲ್ಲ. ಆಗ ಬ್ರೇಕ್ ಹಿಡಿದುಕೊಂಡೇ ಉಳಿಯುತ್ತದೆ. ನಾಲ್ಕು ವೀಲ್ ಸಿಲಿಂಡರ್ ಬಿಚ್ಚಿ, ಒಳಗೆ ತುಕ್ಕಿನ ಕುಳಿ ಬಿದ್ದಿದ್ದರೆ ಹೊಸದೇ ಹಾಕಿ. ಇಷ್ಟಾದ ಮೇಲೆ ಬ್ಲೀಡಿಂಗ್. ಗ್ಯಾರೇಜಿನಲ್ಲಿ ಇದನ್ನು 'ಏರ್ ತೆಗೆಯುವುದು' ಅನ್ನುತ್ತಾರೆ, ಕೈಪಿಡಿಗೂ ಅದೇ ಇರಲಿ, ಅದಕ್ಕಿಂತ ಸ್ಪಷ್ಟವಾದ ಮಾತಿಲ್ಲ. ಕಾರಿನಲ್ಲಿ ಕೂತವನ ಲೆಕ್ಕಕ್ಕೆ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ, ದೂರದ್ದು ಮೊದಲು. ಒಂದು ಎಚ್ಚರ: ಕರಡಿನಲ್ಲಿ 'ಹ್ಯಾಂಡ್ ಬ್ರೇಕ್' ಎಂದಿದ್ದರೆ ತೆಗೆಯಿರಿ. ಈ ಕಾರಿನಲ್ಲಿ ಅದು ಎಡಗಾಲಿನಲ್ಲಿ ತುಳಿಯುವ ಪೆಡಲ್. 'ಪಾರ್ಕಿಂಗ್ ಬ್ರೇಕ್' ಎಂದರೆ ಯಾರೂ ಕೈ ಹಾಕಿ ಹುಡುಕುವುದಿಲ್ಲ.

'ಸ್ಟಕ್' ಎಂಜಿನ್‌ಗೆ 'ಜಾಮ್' ಅನ್ನಿ, 'ಸೀಜ್' ಬೇಡ. ವರ್ಷಗಟ್ಟಲೆ ನಿಂತು ರಿಂಗ್ ಅಂಟಿಕೊಂಡದ್ದು ಜಾಮ್. ಆಯಿಲ್ ಇಲ್ಲದೆ ಓಡಿ ಬೇರಿಂಗ್ ಹಿಡಿದದ್ದು ಸೀಜ್. ಜಾಮ್ ಆದದ್ದು ಬಿಡಬಹುದು: ಎಂಟೂ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕೆಲವು ದಿನ ನೆನೆಯಲು ಬಿಟ್ಟು, ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಬಾರ್ ಹಾಕಿ ಗಡಿಯಾರದ ದಿಕ್ಕಿಗೆ ನಿಧಾನವಾಗಿ ತಿರುಗಿಸಬೇಕು. ತಕ್ಷಣ ಸೆಲ್ಫ್ ಹೊಡೆಯಬಾರದು.

ತಿರುಗಿದ ಮೇಲೆ, ಕ್ರ್ಯಾಂಕಿನಿಂದ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ತಿರುಗಿಸುವ ಟೈಮಿಂಗ್ ಚೈನ್ ನೋಡಿ. ಕ್ಯಾಮ್ ಗೇರಿನ ಹಲ್ಲಿಗೆ ನೈಲಾನ್ ಹೊದಿಕೆ ಇರುತ್ತದೆ. ವಯಸ್ಸಾದಂತೆ ಅದು ಪುಡಿಯಾಗಿ ಉದುರಿ ಆಯಿಲ್ ಪಂಪಿನ ಜಾಲರಿಗೆ ಅಡರಿಕೊಳ್ಳುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಕ್ರ್ಯಾಂಕನ್ನು ಒಂದು ಕಡೆ ತಿರುಗಿಸಿ ಬ್ಯಾಲೆನ್ಸರ್ (ಕ್ರ್ಯಾಂಕಿನ ಮುಂದಿನ ತುದಿಯ ಚಕ್ರ) ಮೇಲೆ ಗುರುತು ಮಾಡಿ, ನಂತರ ವಾಪಸ್ ತಿರುಗಿಸಿ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಅಲುಗುವ ಮೊದಲು 10 ಡಿಗ್ರಿಗಿಂತ ಹೆಚ್ಚು ಸಡಿಲು ಸಿಕ್ಕರೆ ಚೈನ್, ಗೇರ್ ಎರಡನ್ನೂ ಬದಲಿಸದೆ ಮುಂದೆ ಹೋಗಬೇಡಿ. ಆಮೇಲೆ ಡಿಸ್ಟ್ರಿಬ್ಯೂಟರ್ ಹೊರತೆಗೆದು ಪಂಪಿನ ಶಾಫ್ಟನ್ನು ಡ್ರಿಲ್ಲಿನಿಂದ ತಿರುಗಿಸಿ ಆಯಿಲ್ ಏರಿಸಬೇಕು. ಪಾಂಟಿಯಾಕ್‌ಗೆ ಡ್ರಿಲ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಬೇಕು. ಷೆವ್ರೊಲೆ ಎಂಜಿನ್‌ಗೆ ಬರೆದ ಸೂಚನೆ ಓದಿದವರು ಎಡವುವುದು ಇಲ್ಲೇ. ಕಿಡಿಯ ಅಳತೆಗಳು: ಪಾಯಿಂಟ್ ಗ್ಯಾಪ್ 0.016 ಇಂಚು, ಪ್ಲಗ್ ಗ್ಯಾಪ್ 0.035 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹೊತ್ತುವ ಕ್ರಮ) 1-8-4-3-6-5-7-2.

ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಯುವವರೆಗೆ ಸಣ್ಣ ಕ್ಯಾನಿನಿಂದಲೇ ಎಂಜಿನ್ ಹೊತ್ತಿಸಿ. ಹಳೆಯ ಪೆಟ್ರೋಲ್ ವಾರ್ನಿಷ್‌ನಂತೆ ಅಂಟಾಗಿ ಕಾರ್ಬೊರೇಟರಿನ ಜೆಟ್ ಮುಚ್ಚುತ್ತದೆ, ಎಥೆನಾಲ್ ಬೆರೆತದ್ದು ಹಳೆಯ ರಬ್ಬರನ್ನು ತಿನ್ನುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಂ ಹರಿದಿರುವ ಸಾಧ್ಯತೆ ಹೆಚ್ಚು. ಆಯಿಲ್ ಬದಲಿಸುವಾಗ ಜಿಂಕ್ ಹೆಚ್ಚಿರುವುದನ್ನೇ ಹಾಕಿ. ಈ ಕ್ಯಾಮ್‌ಗೆ ರೋಲರ್ ಇಲ್ಲ, ಜಿಂಕ್ ಕಡಿಮೆ ಇರುವ ಆಯಿಲಿನಲ್ಲಿ ಅದರ ಉಬ್ಬು ಸವೆದುಹೋಗಬಹುದು.

'ಜೀರ್ಣೋದ್ಧಾರ' ಗುಡಿಗೆ, ಕೆರೆಗೆ ಕೂತ ಪದ. 'ರೀಕಂಡೀಷನ್' ಎಂದರೆ ಬೋರ್ ಮಾಡಿದ ಎಂಜಿನ್ ನೆನಪಾಗುತ್ತದೆ. 'ಮೂಲರೂಪಕ್ಕೆ ತರುವುದು' ಎಂದರೆ ಸಾಕು.

ಉತ್ತರ 2

ಹಿಂದಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಉಳಿದದ್ದು 'ಹುಡ್'. ಈ ಪದವನ್ನು ಹಾಗೇ ಬಿಡಬೇಡಿ ಸರ್. ಅಮೆರಿಕದ ಮ್ಯಾನ್ಯುಯಲ್‌ನಲ್ಲಿ ಅದು ಬಾನೆಟ್. ಬ್ರಿಟಿಷರ ಬಳಕೆಯಿಂದ ನಮಗೆ ಬಂದ 'ಹುಡ್' ಎಂದರೆ ಮೇಲಿನ ಬಟ್ಟೆಯ ಮಾಡು. ಓಪನ್ ಕಾರಿನಲ್ಲಿ ಎರಡೂ ಇವೆ, ಎರಡನ್ನೂ ಎತ್ತುತ್ತಾರೆ. 'ಬಾನೆಟ್', 'ಟಾಪ್' ಎಂದು ಬರೆದರೆ ಗೊಂದಲವಿಲ್ಲ. ಹಾಗೆಯೇ ಟ್ರಂಕ್ ಎಂದಿರುವಲ್ಲಿ ಡಿಕ್ಕಿ, ಮಫ್ಲರ್ ಎಂದಿರುವಲ್ಲಿ ಸೈಲೆನ್ಸರ್.

ಟಾಪ್ ಸ್ವಿಚ್ಚನ್ನು ಮೊದಲೇ ಒತ್ತಬೇಡಿ ಎಂಬ ಸಾಲೂ ಕೈಪಿಡಿಯಲ್ಲಿ ಇರಲಿ. ಹಿಂದಿನ ಸೀಟಿನ ಬೆನ್ನಿಗೆ ಹೈಡ್ರಾಲಿಕ್ ಪಂಪ್, ಎರಡೂ ಪಕ್ಕಕ್ಕೆ ಒಂದೊಂದು ಸಿಲಿಂಡರ್ ಇದೆ. ಕೀಲುಗಳು ಬಿಗಿದು ಒಂದು ಪಕ್ಕ ಸಿಕ್ಕಿಕೊಂಡರೆ ಇನ್ನೊಂದು ಸಿಲಿಂಡರ್ ಚೌಕಟ್ಟನ್ನೇ ತಿರುಚುತ್ತದೆ. ಸಿಲಿಂಡರ್ ರಾಡ್ ಕಳಚಿ, ಕೀಲುಗಳಿಗೆ ಎಣ್ಣೆ ಬಿಟ್ಟು, ಇಬ್ಬರು ಸೇರಿ ಕೈಯಲ್ಲೇ ಕೆಲವು ಸಲ ಎತ್ತಿ ಇಳಿಸಬೇಕು. ಆ ಕಾಲದ ಪಂಪಿಗೆ ತುಂಬುತ್ತಿದ್ದದ್ದು ಬ್ರೇಕ್ ಎಣ್ಣೆ. ಹೋಸ್ ಸೋರಿದರೆ ಪೇಂಟ್ ಎದ್ದುಬರುತ್ತದೆ, ಹಾಗಾಗಿ ಕೆಳಗೆ ಬಟ್ಟೆ ಹಾಸಿ. ಗೇರ್‌ಬಾಕ್ಸ್ ಎಣ್ಣೆಯನ್ನು ಅದರ ಜತೆ ಬೆರೆಸಬೇಡಿ.

ಇದಕ್ಕಿಂತ ಮುಖ್ಯವಾದದ್ದು ಚಾಸಿ. ಗಟ್ಟಿ ಛಾವಣಿ ಇಲ್ಲದ ಕಾರಿಗೆ ಬಲವೆಲ್ಲ ಕೆಳಗಿನಿಂದಲೇ ಬರಬೇಕು. ಟಾಪ್ ಸೋರಿ ಕಾರ್ಪೆಟ್ ಅಡಿಯಲ್ಲಿ ನೀರು ನಿಂತಿರುತ್ತದೆ, ಫ್ಲೋರ್, ಬಾಡಿ ಬುಶ್ ಕೂರುವ ಜಾಗ, ಹಿಂದಿನ ಚಕ್ರದ ಮೇಲಿನ ಚಾಸಿ ಕಮಾನು ಇವಕ್ಕೆ ತುಕ್ಕು ಹಿಡಿದಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬಾಗಿಲ ಹಿಂಬದಿಯ ಸಂದನ್ನು ಮೇಲೆ, ಕೆಳಗೆ ಅಳೆದಿಟ್ಟು, ಜಾಕ್ ಹಾಕಿ ಎತ್ತಿ ಮತ್ತೆ ಅಳೆಯಿರಿ. ಮೇಲಿನ ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ, ಬಾಗಿಲು ತಾಗಿ ಮುಚ್ಚದಿದ್ದರೆ, ಆ ಕಾರನ್ನು 'ಓಡಿಸಬಹುದಾದ' ಎಂದು ಕರೆಯಬಾರದು, ಎಂಜಿನ್ ಎಷ್ಟೇ ಚೆನ್ನಾಗಿ ಹೊತ್ತಲಿ.

'ಟೆಸ್ಟ್ ಡ್ರೈವ್'ಗೆ 'ಟ್ರಯಲ್' ಎಂಬ ಮಾತೇ ಇದೆ. ಮೊದಲ ಟ್ರಯಲ್ ಅಂಗಳದೊಳಗೆ, ಎರಡನೆಯದು ನಾಲ್ಕೈದು ಕಿಲೋಮೀಟರ್. ಟೈರಿನಲ್ಲಿ ಗೀಟು ಚೆನ್ನಾಗಿದೆ ಎಂದು ನಂಬಬೇಡಿ, ಟೈರಿನ ಪಕ್ಕದಲ್ಲಿ 'DOT' ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಟ್ರಯಲ್‌ಗೂ ಬೇಡ. ಮರಳಿ ಬಂದ ಕೂಡಲೇ ನಾಲ್ಕೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಅಲ್ಲಿ ಶೂ ಬಿಗಿಯಾಗಿದೆ, ಇಲ್ಲವೇ ಎಣ್ಣೆ ಮರಳುತ್ತಿಲ್ಲ. ಇದಕ್ಕೆ ಗ್ಯಾರೇಜಿನಲ್ಲಿ 'ಬ್ರೇಕ್ ಹಿಡೀತಿದೆ' ಅನ್ನುತ್ತಾರೆ. ಬ್ರೇಕ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಅರ್ಥಕ್ಕೂ ಅದೇ ಮಾತು ನಡೆಯುವುದರಿಂದ ಕೈಪಿಡಿಯಲ್ಲಿ 'ಬ್ರೇಕ್ ಬಿಡುತ್ತಿಲ್ಲ' ಎಂದೇ ಬರೆಯಿರಿ.