ಪ್ಲಾಸ್ಟರ್ ಎಲೆಯ ಫಲಕ ಮಳೆಗೆ ಉದುರುತ್ತಿದೆ, ಏನು ಮಾಡಲಿ?

ಸಾಗರದ ಚಿತ್ರಕಲಾ ಶಿಕ್ಷಕಿ:
ನಮ್ಮ ಪ್ರೌಢಶಾಲೆಯಲ್ಲಿ ಒಂದೂವರೆ ಅಡಿ ಎತ್ತರದ ಪ್ಲಾಸ್ಟರ್ ಫಲಕವೊಂದಿದೆ. ಮುಂಬೈಯ ಕಲಾಶಾಲೆಯಲ್ಲಿ ಓದಿದ್ದ ನನ್ನ ಗುರುಗಳು ಕೊಟ್ಟದ್ದು. ತುದಿ ಮುಂದಕ್ಕೆ ಬಾಗಿದ, ಅಂಚು ಹಲ್ಲುಹಲ್ಲಾದ ದೊಡ್ಡ ಎಲೆ. ಈ ಜಡಿಮಳೆಗೆ ಕೆಳಗಿನ ಅಂಚು ಪುಡಿಯಾಗಿ ಉದುರುತ್ತಿದೆ. ಮೈಮೇಲೆ ಕೂದಲೆಳೆಯಷ್ಟು ಉಬ್ಬಿದ ಗೆರೆಗಳಿವೆ; ಉಪ್ಪುಕಾಗದದಲ್ಲಿ ಉಜ್ಜಿ ಬಣ್ಣ ಹೊಡೆಸಬಹುದೇ? ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಂಬದಿಂದಲೂ ಮಕ್ಕಳಿಗೆ ಇಂಥದ್ದೊಂದು ಎರಕ, ಅಂದರೆ ಅಚ್ಚಿಗೆ ಪ್ಲಾಸ್ಟರ್ ಸುರಿದು ಪಡೆಯುವ ನಕಲು, ತೆಗೆಯುವ ಆಸೆಯಿದೆ.

ಸೊರಬದ ಗುಡಿಗಾರ:
ಮೇಡಂ, ದಯವಿಟ್ಟು ಉಜ್ಜಬೇಡಿ. ಅಚ್ಚನ್ನು ಹಲವು ತುಂಡುಗಳಾಗಿ ಕಟ್ಟಿ ಜೋಡಿಸಿದಾಗ ಸಂದುಗಳಿಗೆ ಪ್ಲಾಸ್ಟರ್ ನುಗ್ಗಿ ಅಂಥ ಗೆರೆಗಳು ಏಳುತ್ತವೆ. ಅಚ್ಚನ್ನು ಎಲ್ಲೆಲ್ಲಿ ಬಿಡಿಸಿದರು ಎಂದು ಅವುಗಳಿಂದಲೇ ತಿಳಿಯುತ್ತದೆ. ನಾನು ಶ್ರೀಗಂಧ ಕೆತ್ತುವವನು. ಕೆಲಸಗಾರನ ಕೈಗುರುತು ಅಳಿಸಿದರೆ ನನಗೆ ಸಂಕಟವಾಗುತ್ತದೆ.

ನೀವು ಹೇಳಿದ್ದು ಅಕ್ಯಾಂಥಸ್ ಎಲೆ ಇರಬೇಕು. ಗ್ರೀಕ್, ರೋಮನ್ ಕಟ್ಟಡಗಳ ಕೊರಿಂಥಿಯನ್ ಶೈಲಿಯ ಬೋದಿಗೆಯನ್ನು, ಅಂದರೆ ಕಂಬದ ತಲೆಭಾಗವನ್ನು, ಸುತ್ತುವರಿಯುವುದು ಇದೇ. ಅದೇ ಕುಲದ ಹೊಳೆಚುಳ್ಳಿ ನಮ್ಮ ಕರಾವಳಿಯ ಅಳಿವೆಗಳಲ್ಲಿ ಬೆಳೆಯುತ್ತದೆ.

ನಕಲು ಎಂದು ಇದನ್ನು ಕಡೆಗಣಿಸಬೇಡಿ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1873ರಲ್ಲಿ ತೆರೆದ ಅಂಗಣಗಳು ಇಂಥ ಎರಕಗಳಿಗೇ ಮೀಸಲು. ರೋಮಿನ ಟ್ರೇಜನ್ ಸ್ತಂಭದ ಎರಕ ಅಲ್ಲಿ ಎರಡು ತುಂಡಾಗಿ ನಿಂತಿದೆ; ಇಡಿಯಾಗಿ ನಿಲ್ಲಿಸಲು ಛಾವಣಿಯ ಎತ್ತರ ಸಾಲಲಿಲ್ಲ. ನಮ್ಮ ಸಾಂಚಿಯ ಪೂರ್ವ ತೋರಣದಿಂದಲೂ 1869-70ರಲ್ಲಿ ಹೆನ್ರಿ ಹಾರ್ಡಿ ಕೋಲ್ ಎಂಬ ಸೇನಾಧಿಕಾರಿ ಎರಕ ತೆಗೆಸಿ ಲಂಡನ್ನಿಗೆ ಕಳಿಸಿದ. ಅಥೆನ್ಸಿನ ಪುರಾತನ ದೇವಾಲಯ ಪಾರ್ಥೆನಾನ್‌ನ ಸಂಗತಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದರ ಪಶ್ಚಿಮ ಚಿತ್ರಪಟ್ಟಿಕೆಗೆ, ಅಂದರೆ ಗೋಡೆಯ ಮೇಲ್ಭಾಗದ ಉಬ್ಬುಶಿಲ್ಪಗಳ ಸಾಲಿಗೆ, ಬ್ರಿಟಿಷ್ ರಾಯಭಾರಿ ಎಲ್ಗಿನ್ನನ ಜನ 19ನೆಯ ಶತಮಾನದ ಆರಂಭದಲ್ಲಿ ಅಚ್ಚು ತೆಗೆದರು. ಆ ಕಲ್ಲು 1993ರವರೆಗೆ ಗಾಳಿ, ಮಳೆ, ನಗರದ ಹೊಗೆಯಲ್ಲೇ ಇತ್ತು. ಇಂದು ಕಲ್ಲಿನಲ್ಲಿ ಸವೆದುಹೋಗಿರುವ ಸೂಕ್ಷ್ಮಗಳು ಪ್ಲಾಸ್ಟರಿನಲ್ಲಿ ಉಳಿದಿವೆ.

ಈಗ ನಿಮ್ಮ ಫಲಕ. ಪ್ಲಾಸ್ಟರ್ ಎಂದರೆ ಜಿಪ್ಸಮ್, ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಕರಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಗೋಡೆಯಿಂದ, ನೆಲದಿಂದ ದೂರವಿಟ್ಟು, ಮರದ ಹಲಗೆಯ ಮೇಲೆ ಗಾಳಿಯಾಡುವಂತೆ ಒರಗಿಸಿ. ಬಚ್ಚಲೊಲೆಯ ಪಕ್ಕ ಇಟ್ಟು ಅವಸರದಿಂದ ಒಣಗಿಸಬೇಡಿ. ಧೂಳಿಗೆ ಮೃದುವಾದ ಒಣ ಕುಂಚ ಸಾಕು. ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಸೂಕ್ಷ್ಮ ಗೆರೆಗಳೂ ಮುಚ್ಚಿಹೋಗುತ್ತವೆ.

ತೀರ್ಥಹಳ್ಳಿಯ ಓದುಗ:
ಇಕ್ಕೇರಿ ದೇವಾಲಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅನುಮತಿಯಿಲ್ಲದೆ ಕಂಬಕ್ಕೆ ಏನನ್ನೂ ಮೆತ್ತುವಂತಿಲ್ಲ. ಅದಿರಲಿ, ಬಳ್ಳಿಗಾವಿ, ಕೆಳದಿ ಪಕ್ಕದಲ್ಲೇ ಇರುವಾಗ ನಮ್ಮ ಮಕ್ಕಳು ರೋಮಿನ ಎಲೆಯನ್ನು ಯಾಕೆ ಬರೆಯಬೇಕು?

ಸೊರಬದ ಗುಡಿಗಾರ:
ಅನುಮತಿಯ ಮಾತು ಸರಿ, ಸರ್. ಹಸಿ ಪ್ಲಾಸ್ಟರ್ ಹಳೆಯ ಕಲ್ಲಿನ ರಂಧ್ರಗಳಿಗೆ ಇಳಿದರೆ ಪೂರ್ತಿ ಬಿಡಿಸಲಾಗದು, ಕೀಳುವಾಗ ಕಲ್ಲಿನ ಚಕ್ಕೆಯೇ ಎದ್ದು ಬರಬಹುದು. ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆ. ಬಳ್ಳಿಗಾವಿಯ ಬಳ್ಳಿಯೂ ಬೇಕು, ಈ ಎಲೆಯೂ ಬೇಕು. ಎಲೆಯ ತುದಿ ಎಲ್ಲಿ ಮಡಚುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ಕೈಯಾಡಿಸಿ ಕಲಿತ ಮಗು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಿ ಮುಟ್ಟಲು ಬಿಡುವುದಿಲ್ಲ, ಶಾಲೆಯಲ್ಲಿ ಮುಟ್ಟಬಹುದು.

ಮೇಡಂ, ಇಕ್ಕೇರಿಯಲ್ಲಿ ಮಕ್ಕಳು ಚಿತ್ರ ಬರೆದುಕೊಂಡು ಬರಲಿ. ಶಾಲೆಯಲ್ಲಿ ಅದನ್ನು ಜೇಡಿಮಣ್ಣಿನಲ್ಲಿ ಉಬ್ಬುಶಿಲ್ಪವಾಗಿ ಮಾಡಿಸಿ, ಅದರಿಂದ ಅಚ್ಚು ತೆಗೆಯೋಣ. ಮಣ್ಣು ಹಸಿಯಿರುವಾಗಲೇ ತೆಗೆಯಬೇಕು, ಒಣಗಿ ಬಿರುಕು ಬಿಟ್ಟರೆ ಎರಕದಲ್ಲೂ ಬಿರುಕೇ ಮೂಡುತ್ತದೆ. ದೀಪಾವಳಿ ಕಳೆಯಲಿ, ಗಾಳಿ ಒಣಗಿರುತ್ತದೆ. ನಾನೇ ಬಂದು ಮಾಡಿಸಿಕೊಡುತ್ತೇನೆ.