ಆರು ಜನರ ರಿಲೇ ಓಟ: ನಿಧಾನವಾಗಿ ಓಡುವವರನ್ನು ಕೈಬಿಡಬೇಕೇ?

ಕೆರೆದಂಡೆ, ಮೈಸೂರು

ನಮಸ್ಕಾರ. ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಓಡುವ ಸಣ್ಣ ಬಳಗ ನಮ್ಮದು. ಫೆಬ್ರುವರಿಯಲ್ಲಿ ಸುತ್ತಲಿನ ಕ್ಲಬ್‌ಗಳು ಸೇರಿ ಜಪಾನಿನ ಎಕಿಡೆನ್ ಮಾದರಿಯಲ್ಲಿ ಒಂದು ರಿಲೇ ನಡೆಸುತ್ತಿವೆ. ತಂಡಕ್ಕೆ ಆರು ಜನ, ಒಟ್ಟು ಮ್ಯಾರಥಾನ್ ದೂರ. ಹಂತಗಳು ಕ್ರಮವಾಗಿ 5, 10, 5, 10, 5 ಮತ್ತು 7.195 ಕಿ.ಮೀ. ಐದು ಕಿಲೋಮೀಟರಿನ ಸುತ್ತನ್ನೇ ಮತ್ತೆ ಮತ್ತೆ ಓಡುವುದರಿಂದ ಹಸ್ತಾಂತರವೆಲ್ಲ ಒಂದೇ ಜಾಗದಲ್ಲಿ. ಬೆಳಿಗ್ಗೆ 6ಕ್ಕೆ ಆರಂಭ, ನಾಲ್ಕೂವರೆ ಗಂಟೆಯ ಗಡುವು.

10 ಕಿ.ಮೀ.ಗೆ ನಮ್ಮ ಆರು ಜನರ ಸಮಯ 48, 52, 55, 60, 68 ಮತ್ತು 80 ನಿಮಿಷ. ಕೊನೆಯವರು ನಿವೃತ್ತ ಶಿಕ್ಷಕಿ. ಎಲ್ಲರೂ ಮೇಡಂ ಎಂದೇ ಕರೆಯುತ್ತೇವೆ. ಈ ಬಳಗ ಕಟ್ಟಿದವರೇ ಅವರು. ಈಗ ಇಬ್ಬರು, ಅವರ ಬದಲು 40 ನಿಮಿಷದಲ್ಲಿ ಮುಗಿಸುವ ಕಾಲೇಜು ಹುಡುಗನೊಬ್ಬನನ್ನು ಕರೆತರೋಣ ಎನ್ನುತ್ತಿದ್ದಾರೆ. ಹುಡುಗ ನಮ್ಮ ಬಳಗದವನಲ್ಲ. ಮಾತು ಮೇಡಂ ಕಿವಿಗೂ ಬಿದ್ದು, "ನಾನು ನೀರು ಕೊಡಲು ನಿಲ್ಲುತ್ತೇನೆ ಬಿಡಿ" ಎಂದುಬಿಟ್ಟರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಹಾಗೆಂದು ಉಳಿದವರ ಆಸೆಯೂ ತಪ್ಪಲ್ಲ. ಇಂಥ ಓಟದ ಅನುಭವವಿರುವವರು ದಯವಿಟ್ಟು ಹೇಳಿ: ಅವರನ್ನು ಉಳಿಸಿಕೊಂಡರೆ ನಿಜವಾಗಿ ಎಷ್ಟು ನಷ್ಟ? ಯಾವ ಹಂತ ಕೊಡಬೇಕು?

ಉಣಕಲ್ ಅಕ್ಕ, ಹುಬ್ಬಳ್ಳಿ

ನಮ್ಮ ಕ್ಲಬ್ಬಿನ ರಿಲೇ ತಂಡಗಳನ್ನು ಕಟ್ಟುವ ಕೆಲಸ ನನ್ನ ಪಾಲಿನದು. ಹಾಗಾಗಿ ಮೊದಲು ಲೆಕ್ಕ ಹಾಕೋಣ, ಯಾರೂ ಭಾವನೆಯ ಮಾತು ಎಂದು ತಳ್ಳಿಹಾಕಬಾರದು.

ಈಗಿರುವ ಆರು ಜನ: 10 ಕಿ.ಮೀ. ಹಂತಗಳಿಗೆ 48 ಮತ್ತು 52ರವರು, ಕೊನೆಯ 7.195ಕ್ಕೆ 55ರವರು, 5 ಕಿ.ಮೀ. ಹಂತಗಳಿಗೆ ಉಳಿದ ಮೂವರು. ಒಟ್ಟು ಸುಮಾರು 4 ಗಂಟೆ 4 ನಿಮಿಷ. ಮೇಡಂ ಬದಲು ಆ ಹುಡುಗ ಬಂದು 10 ಕಿ.ಮೀ. ಹಂತ ಓಡಿದರೆ ಸುಮಾರು 3 ಗಂಟೆ 37 ನಿಮಿಷ. ವ್ಯತ್ಯಾಸ 27 ನಿಮಿಷ. ಇದನ್ನು ಮುಚ್ಚಿಡಬೇಡಿ, ಎಲ್ಲರ ಮುಂದೆ ಹೇಳಿ. ಜೊತೆಗೆ ಇನ್ನೊಂದನ್ನೂ ಹೇಳಿ: 3 ಗಂಟೆ 37 ನಿಮಿಷ ಓಡಿದರೂ ಚುರುಕಾದ ಕ್ಲಬ್‌ಗಳ ಮುಂದೆ ಬಹುಮಾನದ ಮಾತು ದೂರವೇ. ಗಡುವು ನಾಲ್ಕೂವರೆ ಗಂಟೆ. ಮೇಡಂ ಓಡಿದರೂ ನಿಮಗೆ 26 ನಿಮಿಷ ಉಳಿಯುತ್ತದೆ. ಹಾಗಿದ್ದರೆ ಅವರನ್ನು ಬಿಟ್ಟು ನೀವು ಗಳಿಸುವುದೇನು? ಬಳಗದ ಹೆಸರಿನಲ್ಲಿ ಓಡುವ ತಂಡದಲ್ಲಿ ಬಳಗ ಕಟ್ಟಿದವರೇ ಇಲ್ಲದಿದ್ದರೆ ಅದು ಯಾರ ತಂಡ? ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಅವರಿಗೆ ಮೂರನೆಯ ಹಂತ ಕೊಡಿ. ಮೊದಲ ಹಂತದಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ನಿಧಾನದವರು ಒಂಟಿಯಾಗಿ ಕೊನೆಗೆ ಬರುವಾಗ ಇಡೀ ಮೈದಾನ ನೋಡುತ್ತಿರುತ್ತದೆ. ಮೂರನೆಯ ಹಂತದ ಹೊತ್ತಿಗೆ ತಂಡಗಳು ಚದುರಿ, ಯಾರು ಯಾರಿಗಿಂತ ಮುಂದೆ ಎಂಬುದೇ ರಸ್ತೆಯಲ್ಲಿ ತಿಳಿಯುವುದಿಲ್ಲ. 60 ನಿಮಿಷದವರು ಮೊದಲು, 48ರವರು ಎರಡನೆಯವರು ಎಂದಿಟ್ಟುಕೊಂಡರೆ ಮೇಡಂ ಹೊರಡುವುದು 7.18ಕ್ಕೆ, ಮುಗಿಸುವುದು 8ರ ಒಳಗೆ. ಬಿಸಿಲು ಏರಿರುವುದಿಲ್ಲ. ಐದನೆಯ ಹಂತ ಶುರುವಾಗುವುದೇ 8.50ಕ್ಕೆ, ಅದಕ್ಕೆ 68ರವರನ್ನು ಹಾಕಿ, ತಲೆಗೆ ಟೋಪಿ ಮರೆಯದಿರಲಿ. ಮೊದಲ ಹಂತಕ್ಕೆ ಅತಿ ವೇಗದವರು ಬೇಡ. ಗುಂಪಿನ ಭರಾಟೆಗೆ ಸಿಕ್ಕಿ ಮೊದಲ ಕಿಲೋಮೀಟರಿನಲ್ಲೇ ಉಸಿರು ಸುಟ್ಟುಕೊಳ್ಳದ, ನಿಧಾನಸ್ಥ ಮನುಷ್ಯ ಬೇಕು.

ಇನ್ನು ಹಸ್ತಾಂತರ. ತಂಡಗಳು ಸಮಯ ಚೆಲ್ಲುವುದು ಇಲ್ಲಿಯೇ. ಎಕಿಡೆನ್‌ನಲ್ಲಿ ಕೈಯಿಂದ ಕೈಗೆ ಕೊಡುವ ಬೇಟನ್ ಕೋಲು ಇಲ್ಲ. ತಸುಕಿ ಎಂಬ ಬಟ್ಟೆಯ ಪಟ್ಟಿಯನ್ನು ಒಂದು ಭುಜದಿಂದ ಎದುರು ಪಕ್ಕೆಗೆ ಓರೆಯಾಗಿ ಹಾಕಿಕೊಂಡು ಓಡುತ್ತಾರೆ. ಬೆವರಿನಲ್ಲಿ ತೊಯ್ದ ಪಟ್ಟಿ ಬನಿಯನ್ನಿಗೆ ಅಂಟಿಕೊಂಡಿರುತ್ತದೆ. ಗೆರೆಯ ಬಳಿ ಬಂದು ಎಳೆದಾಡಿದರೆ ಕಿವಿಗೋ ಕನ್ನಡಕಕ್ಕೋ ಸಿಕ್ಕಿಕೊಳ್ಳುತ್ತದೆ. ಕೊನೆಯ 200 ಮೀಟರ್ ಇರುವಾಗಲೇ ಮೊದಲು ತೋಳು, ಆಮೇಲೆ ತಲೆ ಹೊರತೆಗೆದು, ಎರಡು ಕೈಗಳ ನಡುವೆ ಬಿಗಿಯಾಗಿ ಚಾಚಿ ಹಿಡಿದು ಬನ್ನಿ. ತೆಗೆದುಕೊಳ್ಳುವವರು ನಡುವೆ ಹಿಡಿದು ಹೊರಟುಬಿಡಬೇಕು, ಹಾಕಿಕೊಳ್ಳುವುದು ಓಡುತ್ತಲೇ. ಇಳಿಬಿದ್ದ ತುದಿಯನ್ನು ಚಡ್ಡಿಯ ಪಟ್ಟಿಗೆ ಸಿಕ್ಕಿಸಿ. ಕೆರೆದಂಡೆಯ ಮೇಲೆ ಇದನ್ನು ಬೇಸರವಾಗುವಷ್ಟು ಅಭ್ಯಾಸ ಮಾಡಿ. ನಾವು ನೃಪತುಂಗ ಬೆಟ್ಟದ ಇಳಿಜಾರಿನಲ್ಲಿ ಮಾಡುತ್ತೇವೆ, ಇಳಿಜಾರಿನಲ್ಲಿ ಬಂದವರಿಗೆ ಸಮತಟ್ಟು ಸಲೀಸು.

ಗೆರೆಗಿಂತ 300 ಮೀಟರ್ ಹಿಂದೆ ಮೊಬೈಲ್ ಹಿಡಿದ ಒಬ್ಬರಿರಲಿ. ನಿಮ್ಮವರು ಕಂಡೊಡನೆ ಕರೆ ಬರಬೇಕು. ಆ ಕಾಲೇಜು ಹುಡುಗ ಉತ್ಸಾಹದವನಾದರೆ ಈ ಕೆಲಸ ಅವನಿಗೆ ಕೊಡಿ, ಮುಂದಿನ ವರ್ಷದ ಹೊತ್ತಿಗೆ ನಿಮ್ಮ ಬಳಗದವನೇ ಆಗಿರುತ್ತಾನೆ.

ಪಿ.ಟಿ. ಮಾಸ್ತರ, ಉಡುಪಿ

ಅಕ್ಕನವರ ಮಾತಿಗೆ ಟ್ರ್ಯಾಕ್‌ ಕಡೆಯಿಂದ ಒಂದು ಸಾಕ್ಷಿ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಪುರುಷರ 4x400 ಮೀಟರ್ ರಿಲೇ ತಂಡ ಹೀಟ್ಸ್‌ನಲ್ಲಿ (ಅರ್ಹತಾ ಸುತ್ತಿನಲ್ಲಿ) 2 ನಿಮಿಷ 59.05 ಸೆಕೆಂಡಿನಲ್ಲಿ ಓಡಿ ಏಷ್ಯಾ ದಾಖಲೆ ಬರೆಯಿತು, ಅಮೆರಿಕದ ಬೆನ್ನಿಗೇ ಎರಡನೆಯದಾಗಿ ಬಂದಿತು, ಫೈನಲ್‌ನಲ್ಲಿ ಐದನೆಯದಾಯಿತು. ಆ ನಾಲ್ವರಲ್ಲಿ ಒಬ್ಬರೂ ಅಲ್ಲಿನ ವೈಯಕ್ತಿಕ 400 ಮೀಟರ್ ಫೈನಲ್‌ನಲ್ಲಿ ಇರಲಿಲ್ಲ. ಅದೇ ಕೂಟದಲ್ಲಿ ಅಮೆರಿಕದ ಮಹಿಳಾ 4x400 ತಂಡ, ಬೇಟನ್ ಬದಲಿಸಲು ಗುರುತಿಸಿದ 20 ಮೀಟರಿನ ವಲಯ ದಾಟಿದ್ದಕ್ಕೆ ಹೀಟ್ಸ್‌ನಲ್ಲೇ ಅನರ್ಹವಾಯಿತು. ಮಕ್ಕಳಿಗೆ ನಾನು ಈ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಒಂದು ಸಲಹೆ: ಕಾಯುವವರು ಮೈ ಬಿಸಿ ಮಾಡಿಕೊಳ್ಳುವ ಹೊತ್ತನ್ನು ಮೊದಲೇ ಬರೆದಿಡಿ. 8.50ಕ್ಕೆ ಓಡುವವರು 6ರಿಂದಲೇ ಚಪ್ಪಾಳೆ ತಟ್ಟುತ್ತಾ ನಿಂತರೆ ಕಾಲು ಮರಗಟ್ಟುತ್ತದೆ. ನೆರಳಲ್ಲಿ ಕುಳಿತಿರಲಿ, ತಮ್ಮ ಸರದಿಗೆ 20 ನಿಮಿಷ ಮುಂಚೆ ಎದ್ದು ಮೆಲ್ಲಗೆ ಓಡಲಿ.

ಯೊಕೊಹಾಮಾ ಕನ್ನಡಿಗ

ಇಲ್ಲಿ ಹೊಸ ವರ್ಷವೆಂದರೆ ಹಾಕೋನೆ ಎಕಿಡೆನ್. ಜನವರಿ 2 ಮತ್ತು 3ರಂದು ವಿಶ್ವವಿದ್ಯಾಲಯದ ತಂಡಗಳು ಟೋಕಿಯೊದ ಓತೆಮಾಚಿಯಿಂದ ಆಶಿ ಸರೋವರದವರೆಗೆ ಹೋಗಿ ಹಿಂತಿರುಗುತ್ತವೆ. ಹತ್ತು ಓಟಗಾರರು, ಸುಮಾರು 217 ಕಿ.ಮೀ.; 1920ರಿಂದ ನಡೆದುಬಂದಿದೆ. ನಾನು ತ್ಸುರುಮಿಯ ಹಸ್ತಾಂತರದ ಜಾಗದಲ್ಲಿ ನಿಂತು ನೋಡುತ್ತೇನೆ.

ನಿಮ್ಮ ಸಂಘಟಕರನ್ನು ಒಂದು ವಿಷಯ ಕೇಳಿಕೊಳ್ಳಿ. ಇಲ್ಲಿ ತಂಡವೊಂದು ಬಹಳ ಹಿಂದೆ ಬಿದ್ದರೆ, ಬರುವವರಿಗಾಗಿ ಕಾಯದೆ ಮುಂದಿನವರನ್ನು ಬೇರೊಂದು ಪಟ್ಟಿ ಹಾಕಿ ಕಳಿಸಿಬಿಡುತ್ತಾರೆ. ರಸ್ತೆಯನ್ನು ಹೆಚ್ಚು ಹೊತ್ತು ಮುಚ್ಚುವಂತಿಲ್ಲವಲ್ಲ. ತಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದ ಹುಡುಗ, ತೆಗೆದುಕೊಳ್ಳುವವರೇ ಇಲ್ಲದ್ದನ್ನು ಕಂಡು ರಸ್ತೆಯ ಮೇಲೇ ಕುಸಿಯುತ್ತಾನೆ. ನೋಡಲಾಗುವುದಿಲ್ಲ. ನಿಮ್ಮಲ್ಲಿ ಒಟ್ಟು ಗಡುವು ಮಾತ್ರವೋ, ಹಂತ ಹಂತಕ್ಕೂ ಇದೆಯೋ? ಹಂತದ ಗಡುವಿದ್ದರೆ ಮೇಡಂ ಮುಗಿಸುವ ಹೊತ್ತಾದ 7.58ನ್ನು ಅದಕ್ಕೆ ತಾಳೆ ನೋಡಿ.

ಕೆರೆದಂಡೆ, ಮೈಸೂರು

ಎಲ್ಲರಿಗೂ ಧನ್ಯವಾದ. ಸಂಘಟಕರಿಗೆ ಫೋನ್ ಮಾಡಿದೆ: ಹಂತದ ಗಡುವಿಲ್ಲ, ಒಟ್ಟು ನಾಲ್ಕೂವರೆ ಗಂಟೆ ಮಾತ್ರ. ಅಕ್ಕನ ಲೆಕ್ಕವನ್ನು ಹಾಳೆಯಲ್ಲಿ ಬರೆದು ಓದಿ ಹೇಳಿದಾಗ ಬದಲಾವಣೆ ಕೇಳಿದ್ದವರಲ್ಲಿ ಒಬ್ಬರು ತಕ್ಷಣ ಒಪ್ಪಿದರು. ಇನ್ನೊಬ್ಬರು ಅರೆಮನಸ್ಸಿನಲ್ಲಿದ್ದಾರೆ, ಆದರೂ ಅಭ್ಯಾಸಕ್ಕೆ ಬರುತ್ತಿದ್ದಾರೆ. ಮೇಡಂ ಮೂರನೆಯ ಹಂತ. ಪಟ್ಟಿ ನಾವೇ ಹೊಲಿಸಬೇಕಂತೆ; ಹತ್ತಿ ಬಟ್ಟೆ ಆಗುತ್ತದೆಯೇ?

ಉಣಕಲ್ ಅಕ್ಕ, ಹುಬ್ಬಳ್ಳಿ

ಹತ್ತಿ ಬೇಡ, ಮೂರನೆಯವರ ಹೊತ್ತಿಗೆ ಬೆವರು ಕುಡಿದು ಭಾರವಾಗುತ್ತದೆ. ಲೈನಿಂಗ್‌ಗೆ ಬಳಸುವ ತೆಳು ಪಾಲಿಯೆಸ್ಟರ್ ತೆಗೆದುಕೊಳ್ಳಿ, ನಾಲ್ಕು ಬೆರಳು ಅಗಲ ಸಾಕು. ಉದ್ದವನ್ನು ನಿಮ್ಮಲ್ಲಿ ದಪ್ಪಗಿರುವವರ ಅಳತೆಗೆ ಹೊಲಿಸಿ, ತೆಳ್ಳಗಿನವರು ತುದಿ ಸಿಕ್ಕಿಸಿಕೊಳ್ಳಲಿ. ಎರಡು ಹೊಲಿಸಿ, ಒಂದು ಅಭ್ಯಾಸಕ್ಕೆ.