ಸಂಜಿ ಐದಕ್ಕ ಕತ್ತಲಾಗೋ ನಡುಗಡ್ಡಿಗೆ ಅವ್ವನ್ನ ಕರಕೊಂಡು ಹೊಂಟೇವಿ, ಮೊದಲನೇ ರಾತ್ರಿ ಎಲ್ಲಿ ಇಳೀಬೇಕು?

ಕೇಶ್ವಾಪುರದಾಕಿ:

ಎಲ್ಲಾರಿಗೂ ನಮಸ್ಕಾರ್ರಿ. ಎಳ್ಳಮಾಸಿಗೆ ಅಣ್ಣಿಗೇರಿ ಹೊಲದಾಗ ಚರಗ ಚೆಲ್ಲಿ, ಮೂರನೇ ದಿನ ಅಂಡಮಾನಿಗೆ ಹೊಂಟೇವಿ. ನಾನು, ನಮ್ಮನಿಯವರು, ಎಂಟು ವರ್ಷದ ಮಗಳು, ನಮ್ಮವ್ವ. ಅವ್ವಗ 68. ಮೊಣಕಾಲು ನೋವು ಐತಿ, ಮೆಟ್ಟಲಾ ಇಳಿಯೂಮುಂದ ಕೈ ಹಿಡೀಬೇಕು. ಆಕಿ ಸಮುದ್ರ ಕಂಡಿದ್ದು ಒಂದ ಸಲ, ಗೋಕರ್ಣದಾಗ, ಅಪ್ಪನ ಅಸ್ಥಿ ಬಿಡಾಕ ಹೋದಾಗ. ಅವತ್ತು ಆಕಿ ತಲಿ ಎತ್ತಿ ನೀರಿನ ಕಡೆ ನೋಡಲೇ ಇಲ್ಲ. ಅದಕ್ಕ ಈ ಸಲ ಛಂದಂಗ ತೋರಿಸಬೇಕು ಅಂತ ನನ್ನ ಆಸೆ.

ರಾತ್ರಿ ರಾಣಿ ಚೆನ್ನಮ್ಮ ರೈಲಿಗೆ ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನ. ಪೋರ್ಟ್ ಬ್ಲೇರಿನಾಗ ಇಳಿಯೂದು ಮಧ್ಯಾಹ್ನ 12:40ಕ್ಕ. ಏಜೆಂಟ ಅದ ದಿನಾ 3 ಗಂಟೆ ಬೋಟಿಗೆ ಹ್ಯಾವ್‌ಲಾಕ್ ನಡುಗಡ್ಡಿಗೆ ಟಿಕೀಟ ಹಾಕ್ಯಾನ. ಹೋಟೆಲ್ ರಾಧಾನಗರ ಬೀಚಿನ ಕಡೆ. "ಐದಕ್ಕ ಮುಟ್ಟತೀರಿ, ಸಂಜಿ ಮುಂದ ಬೀಚಿಗೆ ಹೋಗಬಹುದು" ಅಂತಾನ. ನಮ್ಮ ಓಣಿಯವರೊಬ್ಬರು ಮಾತ್ರ "ಅಲ್ಲೆ ಐದಂದ್ರ ರಾತ್ರಿನ" ಅಂದ್ರು. ಹೌದೇನ್ರಿ? ಹೋಗಿ ಬಂದವರು ಹೇಳ್ರಿ.

ಮುಳಗುಂದ ನಾಕಾ, ಗದಗ:

ಅಕ್ಕಾರ, ನಿಮ್ಮ ಓಣಿಯವರು ಹೇಳಿದ್ದು ಖರೆ ಐತಿ. ನಾವೂ ಡಿಸೆಂಬರದಾಗ, ಹಿಂಗ ಸಂಜಿ ಬೋಟಿಗೆ ಹೋಗಿದ್ವಿ.

ದೇಶಕ್ಕೆಲ್ಲಾ ಗಡಿಯಾರ ಒಂದ, ಸೂರ್ಯ ಮಾತ್ರ ಎಲ್ಲಾ ಕಡೆ ಒಂದ ಹೊತ್ತಿಗೆ ಮುಳುಗೂದಿಲ್ಲ. ಹುಬ್ಬಳ್ಳಿ 75 ಡಿಗ್ರಿ ರೇಖಾಂಶದಾಗ ಐತಿ, ಹ್ಯಾವ್‌ಲಾಕ್ 93ರ ಹತ್ರ. ಡಿಗ್ರಿಗೆ 4 ನಿಮಿಷದಂಗ ಹಿಡದ್ರ ಒಂದು ತಾಸಿನ ಮ್ಯಾಲ ಫರಕ ಬರತೈತಿ. ನಮ್ಮಲ್ಲಿ ಆರು ಹೊಡದ ಮ್ಯಾಲ ಮುಳುಗೋ ಸೂರ್ಯ ಅಲ್ಲೆ ಐದರ ಸುಮಾರಿಗೆ ಹೋಗಿಬಿಟ್ಟಿರತಾನ. ಮುಸ್ಸಂಜಿ ಬೆಳಕೂ ಭಾಳ ಹೊತ್ತು ನಿಲ್ಲೂದಿಲ್ಲ. ಸಾಮಾನು ಇಳಿಸಿ ಆಟೋ ಹುಡುಕೂದ್ರಾಗ ಕತ್ತಲಿ.

ನಮ್ಮ ಬೋಟು ಹೊರಟಿದ್ದೇ ತಡ ಆಗಿ. ಜೆಟ್ಟಿ ಮ್ಯಾಲ ಇಳದಾಗ ಹುಡುಗ ನಿದ್ದಿಗಣ್ಣಾಗಿದ್ದ, ನಮ್ಮಪ್ಪಾರು ಬ್ಯಾಗ್ ಎಣಿಸಾಕ ಮೊಬೈಲ್ ಬ್ಯಾಟರಿ ಹಚ್ಚಿದ್ರು. ಅಲ್ಲಿಂದ ರಾಧಾನಗರ ಅಂದ್ರ ಹತ್ತು ಕಿಲೋಮೀಟರಿಗೂ ಮ್ಯಾಲ. ಅರಧಕ್ಕರಧ ಅಡಿವಿ. ಆಟೋದ ದೀಪ ಬಿದ್ದಷ್ಟ ರಸ್ತಾ, ಆಜೂಬಾಜೂ ಏನೂ ಕಾಣೂದಿಲ್ಲ, ಹುಳದ ಸಪ್ಪಳ ಮಾತ್ರ ಕಿವಿ ತುಂಬತೈತಿ. ನನ್ನ ಹೆಂಡತಿ ಹುಡುಗನ್ನ ಅವಚಿ ಹಿಡಕೊಂಡು ಒಂದ ಮಾತು ಆಡಲಿಲ್ಲ.

ಎರಡು ದಿನ ಬಿಟ್ಟು ಅದ ನಡುಗಡ್ಡಿಯ ವಿಜಯನಗರ ಬೀಚಿಗೆ ಹೋಟೆಲ್ ಬದಲಿ ಮಾಡಿದ್ವಿ. ಅಲ್ಲೂ ಕತ್ತಲಾದ ಮ್ಯಾಲ ಹೋದ್ವಿ, ಅದು ನಮ್ಮದ ತಪ್ಪು. ನೀರಿನ ಸಪ್ಪಳ ಕೇಳಿ ಅಪ್ಪಾರು ಬರಿಗಾಲಿಲೆ ನಡಕೋತ ಹೋದ್ರು. ನೀರು ಇಳದಿತ್ತು, ಹವಳದ ಕಲ್ಲು ತೆರಕೊಂಡಿದ್ದು. ಅಂಗಾಲು ಹರೀತು. ಆ ರಾತ್ರಿ ಅರಿಷಿಣ ಒತ್ತಿ, ಪಂಚಿ ಹರದು ಕಟ್ಟಿದ್ದು ನನಗ ಇನ್ನೂ ಕಣ್ಣಾಗ ಐತಿ. ನೀವು ಹೋಗೂದು ಅಮಾಸಿ ಬೆನ್ನಿಗೆ. ಆವಾಗ ನೀರು ಏರೂದು ಇಳಿಯೂದು ಎರಡೂ ಜಾಸ್ತಿ. ಅವ್ವಾರನ್ನ ಕತ್ತಲ್ಯಾಗ ನೀರಿನ ಕಡೆ ಬಿಡಬ್ಯಾಡ್ರಿ, ಕೈ ಮುಗಿದು ಹೇಳತೇನಿ.

ಮೊದಲನೇ ರಾತ್ರಿ ಪೋರ್ಟ್ ಬ್ಲೇರಿನಾಗ ಇರ್ರಿ. ವಿಮಾನ ಒಂದು ತಾಸು ತಡ ಆದ್ರ ಮೂರರ ಬೋಟು ಹೋದಂಗ. ಉಂಡು, ಅವ್ವಾರು ಕಾಲು ಚಾಚಿ ಒಂದೀಟು ಮಲಗಲಿ. ಸಂಜಿ ಸೆಲ್ಯುಲರ್ ಜೈಲಿಗೆ ಕರಕೊಂಡು ಹೋಗ್ರಿ. 1896ರಿಂದ 1906ರ ತನಕ ಕಟ್ಟಿದ್ದು. ನಡುವಿನ ಗೋಪುರದಿಂದ ಏಳು ಸಾಲು ಹೊಂಟಿದ್ದು, ಈಗ ಉಳದಿದ್ದು ಮೂರ. ಕತ್ತಲಾದ ಮ್ಯಾಲ ಅಂಗಳದಾಗ ಕುಂತು ನೋಡೋ ಧ್ವನಿ ಬೆಳಕಿನ ಕಾರ್ಯಕ್ರಮ ಇರತೈತಿ, ಮೆಟ್ಟಲಾ ಹತ್ತೂದು ಬರೂದಿಲ್ಲ. ಮರುದಿನ ಮುಂಜಾನಿ ಬೋಟಿಗೆ ಹೋದ್ರ ನೀರಿನ ಬಣ್ಣ ಬದಲಾಗೂದನ್ನ ಕಿಟಕ್ಯಾಗ ನೋಡಕೋತ ಹೋಗತೀರಿ. ಆ ಹಸರು ನೀಲಿ ನಾನು ಕಾರವಾರದಾಗೂ ಕಂಡಿಲ್ಲ.

ಸಾಧ್ಯ ಆದ್ರ ಹೋಟೆಲ್ಲೂ ವಿಜಯನಗರ ಬೀಚಿಗೆ ಬದಲಿ ಮಾಡಸ್ರಿ. ಅದು ಮೂಡಣ ದಿಕ್ಕಿಗೆ ಐತಿ. ನಾವು ಗೋಕರ್ಣ, ಕಾರವಾರ ಕಂಡ ಮಂದಿ, ಸಮುದ್ರ ಅಂದ್ರ ಸೂರ್ಯ ಮುಳುಗೋ ಜಾಗಾ ಅಂತ ತಿಳಕೊಂಡೇವಿ. ಅಲ್ಲೆ ನೀರಾಗಿಂದ ಹುಟ್ಟತಾನ.

ಸಾಧನಕೇರಿ:

ಗದಗಿನವರು ಹೇಳಿದ್ದರಾಗ ವಿಮಾನ ತಡ ಆಗೋ ಮಾತು ಒಪ್ಪತೀನಿ. ಆದ್ರ ಕತ್ತಲಿಗೆ ಅಷ್ಟು ಅಂಜಬ್ಯಾಡ್ರಿ. ನಾನು ಅಲ್ಲೆ ಕಂಡ ಎಲ್ಲಾದಕ್ಕಿಂತ ಛಲೋ ಕಂಡದ್ದು ರಾತ್ರಿನ. ಚಂದ್ರ ಇಲ್ಲದ ಹೊತ್ತಿನಾಗ ನೀರಿಗೆ ಕೈ ಆಡಿಸಿದ್ರ ನೀಲಿ ಕಿಡಿ ಹಾರತಾವ. ನೀರಿನಾಗಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲುಗಾಡಿದ ಕೂಡಲೆ ಬೆಳಕು ಬಿಡೂದು ಅದು. ಎಲ್ಲಾ ರಾತ್ರಿನೂ ಒಂದ ಥರ ಇರೂದಿಲ್ಲ. ನೀವು ಹೋಗೂದು ಅಮವಾಸ್ಯೆ ಆದ ನಾಕೈದು ದಿನದಾಗ ಅಂದ್ರ ಚಂದ್ರ ಲಗೂನ ಮುಳುಗತಾನ, ಆಮ್ಯಾಲೆ ಪೂರ್ತಿ ಕಪ್ಪು ಆಕಾಶ. ದೋಣಿಯವರು ಲೈಫ್ ಜಾಕೆಟ್ ಹಾಕಿ ಕರಕೊಂಡು ಹೋಗತಾರ. ಮಗಳನ್ನ ಕರಕೊಂಡು ಹೋಗ್ರಿ, ತಾಯಿಯವರು ದಂಡ್ಯಾಗ ಖುರ್ಚಿ ಹಾಕ್ಕೊಂಡು ಕೂಡಲಿ. ಚುಕ್ಕಿ ನೋಡಲಿಕ್ಕೆ ಅಷ್ಟ ಸಾಕು.

ರಾಧಾನಗರ ಬಿಡಬ್ಯಾಡ್ರಿ ಮತ್ತ. ಅದು ಪಡುವಣ ದಂಡಿ. ಮೂರೂವರಿಗೆಲ್ಲಾ ಅಲ್ಲಿರಬೇಕು, ಹುಬ್ಬಳ್ಳಿ ಲೆಕ್ಕದಾಗ ಐದೂವರಿಗೆ ಹೋದ್ರ ಏನೂ ಸಿಗೂದಿಲ್ಲ.

ಹಾವೇರಿ ಔಷಧದಂಗಡಿ:

ವಾಂತಿ ಗುಳಿಗಿ ಬೋಟು ಹತ್ತೂಕಿಂತ ಅರ್ಧ ತಾಸು ಮೊದಲ ತಗೋಬೇಕು. ಹತ್ತಿದ ಮ್ಯಾಲ ತಗೊಂಡ್ರ ಉಪಯೋಗ ಕಡಿಮಿ. ತಾಯಿಯವರು ಬಿಪಿ, ಶುಗರ್ ಗುಳಿಗಿ ತಗೋತಿದ್ರ ನಿಮ್ಮ ಡಾಕ್ಟರನ್ನ ಕೇಳಿ ಕೊಡ್ರಿ. ಆ ಗುಳಿಗಿ ಎಲ್ಲಾ ಕೈಚೀಲದಾಗ ಇರಲಿ. ನೆಟ್‌ವರ್ಕ್ ಕೈ ಕೊಡತೈತಿ, ಹೋಟೆಲ್ ಕಾಗದ ಪ್ರಿಂಟ್ ತಗೊಂಡು, ಸ್ವಲ್ಪ ರೊಕ್ಕ ನಗದು ಇಟಗೋರಿ. ಟಿಕೀಟಿನಾಗ ಹ್ಯಾವ್‌ಲಾಕ್ ಬದಲಿ ಸ್ವರಾಜ್ ದ್ವೀಪ ಅಂತ ಇದ್ರ ಗಾಬರಿ ಬ್ಯಾಡ, 2018ರಾಗ ಹೆಸರು ಬದಲಾಗೇತಿ. ಪೋರ್ಟ್ ಬ್ಲೇರಿಗೂ 2024ರಿಂದ ಶ್ರೀ ವಿಜಯಪುರಂ ಅಂತಾರ. ತಿರುಗಿ ಬರೂಮುಂದನೂ ಬೋಟು, ವಿಮಾನ ಒಂದ ದಿನಕ್ಕ ಇಡಬ್ಯಾಡ್ರಿ. ಗಾಳಿ ಎದ್ರ ಬೋಟು ನಿಂತಬಿಡತಾವು.

ಕೇಶ್ವಾಪುರದಾಕಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಇವತ್ತ ಏಜೆಂಟಗ ಫೋನ್ ಹಚ್ಚಿ ಮೊದಲನೇ ರಾತ್ರಿ ಪೋರ್ಟ್ ಬ್ಲೇರಿಗೆ, ಹ್ಯಾವ್‌ಲಾಕಿನಾಗ ವಿಜಯನಗರ ಬೀಚಿಗೆ ಬದಲಿ ಮಾಡಿಸಿದೆ. ಬೋಟಿನ ಟಿಕೀಟಿಗೆ ಒಂದೀಟು ರೊಕ್ಕ ಹೋತು, ಹೋಗಲಿ. ಗದಗಿನ ಅಣ್ಣಾರ, ನಿಮ್ಮ ಅಪ್ಪಾರ ಕಾಲಿನ ಸುದ್ದಿ ಓದಿದ ಕೂಡಲೆ ಅವ್ವಗ ರಬ್ಬರಿನ ಚಪ್ಪಲಿ ತಂದೆ.

ಅವ್ವಗ ಹೇಳಿದೆ, ಅಲ್ಲೆ ನೀರಾಗಿಂದ ಸೂರ್ಯ ಹುಟ್ಟತಾನಂತ ಅಂತ. ಹಸನು ಮಾಡೋ ಅಕ್ಕಿ ಮರ ಕೆಳಗಿಟ್ಟು "ಎಷ್ಟಕ್ಕ?" ಅಂದ್ಲು. ಐದೂವರಿ ಅಂದೆ. "ನಾನು ನಾಕಕ್ಕ ಎದ್ದಿರತೇನಿ, ನಿನ್ನ ಎಬ್ಬಸತೇನಿ" ಅಂದ್ಲು.

ಇನ್ನೊಂದು ಕೇಳೂದು ಉಳೀತು. ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಡಬ್ಬಿ ತುಂಬಾಕತ್ತಾಳ. ಬೋಟಿನಾಗ ಬಿಡತಾರೇನ್ರಿ?